ಕರ್ತೃಪದ ಪರಾರಿ

ಮೊದಲು ಒಂದು ವಾಕ್ಯ. ಇದನ್ನು ಯಾವ ಪತ್ರಿಕೆಯಿಂದಲೂ ಎತ್ತಿಕೊಂಡಿಲ್ಲ, ಮಾದರಿಗೆಂದು ನಾನೇ ಕಟ್ಟಿದ್ದು. ಆದರೆ ಜಿಲ್ಲಾ ಪುಟ ಓದುವ ಅಭ್ಯಾಸ ಇರುವ ಯಾರಿಗೂ ಇದು ಹೊಸದೆನ್ನಿಸಲಾರದು: "ಚಾಲಕನ ನಿಯಂತ್ರಣ ತಪ್ಪಿದ ಕಾರು ರಸ್ತೆ ಬದಿಯಲ್ಲಿ ನಡೆದು ಹೋಗುತ್ತಿದ್ದವರಿಗೆ ಡಿಕ್ಕಿ ಹೊಡೆದ ಪರಿಣಾಮ ಇಬ್ಬರು ಸ್ಥಳದಲ್ಲೇ ಮೃತಪಟ್ಟಿದ್ದಾರೆ."

ಹೈಸ್ಕೂಲಿನ ವ್ಯಾಕರಣದ ಮೇಷ್ಟ್ರ ಹಾಗೆ ಕೇಳೋಣ: ಇಲ್ಲಿ ಕರ್ತೃಪದ ಯಾವುದು? ಡಿಕ್ಕಿ ಹೊಡೆದದ್ದು ಕಾರು. ಮೃತಪಟ್ಟವರು ಇಬ್ಬರು. ತಪ್ಪಿದ್ದು ನಿಯಂತ್ರಣ. ಚಾಲಕ ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ, ಇದ್ದಾನೆ. ಆದರೆ ಷಷ್ಠೀ ವಿಭಕ್ತಿಯಲ್ಲಿ ಮುದುಡಿ ಕೂತಿದ್ದಾನೆ. ಅವನಿಗೆ 'ನಿಯಂತ್ರಣ' ಎಂಬ ಆಸ್ತಿಯೊಂದಿತ್ತು, ಅದು ತಪ್ಪಿಹೋಯಿತು, ಅಷ್ಟೇ. ಅವನು ಏನನ್ನೂ ಮಾಡಲಿಲ್ಲ. ಎಷ್ಟು ವೇಗದಲ್ಲಿದ್ದ, ನಿದ್ದೆಗೆಟ್ಟಿದ್ದನೇ, ಮೊಬೈಲ್ ನೋಡುತ್ತಿದ್ದನೇ, ಕುಡಿದಿದ್ದನೇ, ಅಥವಾ ಇದಾವುದೂ ಅಲ್ಲದೆ ಟೈರ್ ಸಿಡಿಯಿತೇ? ಈ ಪ್ರಶ್ನೆಗಳೆಲ್ಲ 'ತಪ್ಪಿದ' ಎನ್ನುವ ಒಂದು ಪದದೊಳಗೆ ಅಡಗಿಬಿಡುತ್ತವೆ.

ಕನ್ನಡದಲ್ಲಿ 'ತಪ್ಪು' ವಿಚಿತ್ರವಾದ ಪದ. ನಾಮಪದವಾದಾಗ ಅದು ಅಪರಾಧ, ದೋಷ. ಕ್ರಿಯಾಪದವಾದಾಗ ಯಾರ ದೋಷವೂ ಅಲ್ಲದ ಜಾರುವಿಕೆ. ದಾರಿ ತಪ್ಪುತ್ತದೆ, ಬಸ್ಸು ತಪ್ಪುತ್ತದೆ, ಕೈ ತಪ್ಪುತ್ತದೆ, ಹಸು ಹಗ್ಗ ತಪ್ಪಿಸಿಕೊಳ್ಳುತ್ತದೆ. 'ತಪ್ಪು ಮಾಡಿದ ಚಾಲಕ' ಎಂದು ಬರೆಯಲು ವರದಿಗಾರ ಹೆದರಬೇಕು, ಯಾಕೆಂದರೆ ಅದು ತೀರ್ಪು. 'ನಿಯಂತ್ರಣ ತಪ್ಪಿದ ಕಾರು' ಎಂದು ಬರೆಯಲು ಯಾರಿಗೂ ಹೆದರಬೇಕಿಲ್ಲ. ಅದೇ ಪದದ ಇನ್ನೊಂದು ರೂಪವೂ ಈ ವರದಿಗಳಲ್ಲಿ ಹೇರಳ: 'ಅಡ್ಡ ಬಂದ ನಾಯಿಯನ್ನು ತಪ್ಪಿಸಲು ಹೋಗಿ'. ಇಲ್ಲಿ ಕೊನೆಗೂ ಯಾರೋ ಏನೋ ಮಾಡಿದರು. ಅಡ್ಡ ಬಂದದ್ದು ನಾಯಿ! ಸತ್ತವರನ್ನು ಬಿಟ್ಟರೆ ಇಡೀ ಸುದ್ದಿಯಲ್ಲಿ ಸ್ವಂತ ಕಾಲ ಮೇಲೆ ನಡೆದಾಡುವ ಜೀವಿ ಅದೊಂದೇ.

ಇಂಗ್ಲಿಷಿನಲ್ಲಿ ಈ ವಿಷಯದ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಬ್ರಿಟಿಷ್ ಮೆಡಿಕಲ್ ಜರ್ನಲ್ 2001ರಲ್ಲೇ 'ಆಕ್ಸಿಡೆಂಟ್' ಎಂಬ ಪದವನ್ನು ತನ್ನ ಪುಟಗಳಿಂದ ಹೊರಗಿಡುವುದಾಗಿ ಸಾರಿತು. ಆ ಪದಕ್ಕೆ 'ತಡೆಯಲಾಗದ್ದು, ಊಹಿಸಲಾಗದ್ದು' ಎಂಬ ವಾಸನೆ ಇದೆ ಎನ್ನುವುದು ಅವರ ತಕರಾರು. ಅಸೋಸಿಯೇಟೆಡ್ ಪ್ರೆಸ್ 2016ರಲ್ಲಿ, ನಿರ್ಲಕ್ಷ್ಯದ ಆರೋಪ ಇರುವ ಕಡೆ ಆ ಪದ ಬೇಡ ಎಂದು ತನ್ನ ಶೈಲಿ ಕೈಪಿಡಿಯಲ್ಲಿ ಸೇರಿಸಿತು. ಕರ್ಮಣಿ ಪ್ರಯೋಗದ ಮೇಲೂ ಅಲ್ಲಿ ದೊಡ್ಡ ಜಗಳವಿದೆ. ಆದರೆ ಈ ಟೀಕೆಯನ್ನು ಹಾಗೆಯೇ ಎತ್ತಿ ತಂದು ಕನ್ನಡದ ಮೇಲೆ ಹೊದಿಸಿದರೆ ಹೊಂದುವುದಿಲ್ಲ. ನಮ್ಮ ವರದಿಗಾರರು 'ಪಾದಚಾರಿಯು ಕಾರಿನಿಂದ ಹೊಡೆಯಲ್ಪಟ್ಟನು' ಎಂದು ಯಾವತ್ತೂ ಬರೆಯುವುದಿಲ್ಲ. ಕನ್ನಡದಲ್ಲಿ ಮಾಡಿದವರನ್ನು ಮರೆಮಾಡಲು ಅಂಥ ಕಷ್ಟಪಡಬೇಕಿಲ್ಲ. ಲೋಟ ಒಡೆದ ಮಗು 'ಅಮ್ಮಾ, ಲೋಟ ಬಿದ್ದು ಒಡೆದುಹೋಯ್ತು' ಎನ್ನುತ್ತದೆ. ಸಾಲ ತೀರಿಸದವರು 'ದುಡ್ಡು ಹೊಂದಿಕೆಯಾಗಲಿಲ್ಲ' ಎನ್ನುತ್ತಾರೆ. ಅಕರ್ಮಕ ಕ್ರಿಯಾಪದ, 'ಹೋಗು' ಎಂಬ ಸಹಾಯಕ, 'ಪರಿಣಾಮ' ಎಂಬ ಕೊಂಡಿ, ಇಷ್ಟಿದ್ದರೆ ಎಂಥ ಘಟನೆಯೂ ತನ್ನಷ್ಟಕ್ಕೆ ನಡೆದುಹೋಗುತ್ತದೆ. ಪತ್ರಿಕೆಗಳು ಇದನ್ನು ಹುಟ್ಟುಹಾಕಲಿಲ್ಲ, ನಮ್ಮ ಅಡುಗೆಮನೆಯಿಂದಲೇ ತೆಗೆದುಕೊಂಡವು.

ಪದದ ವಿಚಾರದಲ್ಲಂತೂ ಕನ್ನಡದ ಸ್ಥಿತಿ ಇಂಗ್ಲಿಷಿಗಿಂತ ಮೇಲು. 'ಅಪಘಾತ'ದಲ್ಲಿ 'ಘಾತ' ಇದೆ, ಏಟು ಇದೆ. ವಿಶ್ವಾಸಘಾತದಲ್ಲಿ, ಘಾತಕದಲ್ಲಿ ಇರುವುದೂ ಅದೇ. ಗುಜರಾತಿಯವರು ಇದಕ್ಕೆ 'ಅಕಸ್ಮಾತ್' ಎನ್ನುತ್ತಾರೆ, ಪೂರಾ ಆಕಸ್ಮಿಕ. ಹಿಂದಿಯಲ್ಲಿ 'ದುರ್ಘಟನಾ', ಕೆಟ್ಟ ಘಟನೆ. ಪಕ್ಕದ ತೆಲುಗಿನಲ್ಲಿ 'ಪ್ರಮಾದಂ'. ಅದೇ ಪದ ನಮ್ಮಲ್ಲಿ 'ಪ್ರಮಾದ'ವಾದಾಗ ಎಡವಟ್ಟು, ದೋಷ, ಸಂಸ್ಕೃತದಲ್ಲಿ ಎಚ್ಚರಗೇಡಿತನ. ಗಡಿ ದಾಟಿದರೆ ರಸ್ತೆಯ ಸಾವಿಗೆ ಎಚ್ಚರಗೇಡಿತನದ ಹೆಸರೇ ಇದೆ, ಆದರೆ ಹಾಗೆಂದು ಅಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ. ಹಾಗಾಗಿ 'ಅಪಘಾತ' ಬಿಟ್ಟು ಬೇರೆ ಪದ ಟಂಕಿಸಿ ಎನ್ನುವ ಸಲಹೆಯಲ್ಲಿ ನನಗೆ ಆಸಕ್ತಿಯಿಲ್ಲ. ಪದಗಳು ಬಳಕೆಯಲ್ಲಿ ಸವೆಯುತ್ತವೆ. ಹೊಸದೂ ನಾಲ್ಕು ವರ್ಷದಲ್ಲಿ ಸವೆದೀತು. ನೋಡಬೇಕಾದ್ದು ವಾಕ್ಯವನ್ನು.

ಟಿವಿ ಮತ್ತು ವೆಬ್‌ಸೈಟುಗಳ ಶೈಲಿ ಬೇರೆಯೇ ಒಂದು ಲೋಕ. ಅಲ್ಲಿ ಲಾರಿ 'ಯಮಸ್ವರೂಪಿಯಾಗಿ' ಬರುತ್ತದೆ, ಜವರಾಯ ಅಟ್ಟಹಾಸ ಮೆರೆಯುತ್ತಾನೆ, ಮದುವೆಗೆ ಹೊರಟವರು ಮಸಣ ಸೇರುತ್ತಾರೆ. ಮದುವೆ–ಮಸಣದ ಪ್ರಾಸ ಎಷ್ಟು ಅನುಕೂಲಕರ ಎಂದರೆ, ಸಂಜೆ ಬುಲೆಟಿನ್ ಬರೆಯುವ ಹುಡುಗನಿಗೆ ಅದನ್ನು ತಪ್ಪಿಸಲು ಸಾಧ್ಯವೇ ಇಲ್ಲವೇನೋ. ಹಳಗನ್ನಡ ಕಾವ್ಯದಿಂದ ಬಂದ ಪ್ರಾಸದ ಮೋಹ ಕಡೆಗೆ ಉಳಿದುಕೊಂಡದ್ದು ಹೆಣದ ಸುದ್ದಿಯಲ್ಲಿ. ಇನ್ನು ಯಮನನ್ನು ಕರೆತಂದದ್ದರ ಬಗ್ಗೆ ಒಂದು ಮಾತು. ನಮ್ಮ ಪುರಾಣದ ಯಮ ಧರ್ಮರಾಯ. ಪಕ್ಕದಲ್ಲಿ ಚಿತ್ರಗುಪ್ತ ಕೂತಿರುತ್ತಾನೆ, ಯಾರು ಏನು ಮಾಡಿದರೆಂದು ದಫ್ತರದಲ್ಲಿ ಬರೆದಿರುತ್ತಾನೆ. ಸುದ್ದಿಯ ಯಮನಿಗೆ ಆ ದಫ್ತರವೇ ಇಲ್ಲ.

ಹಾಗಂತ ಚಾಲಕ ಎಲ್ಲ ವರದಿಗಳಲ್ಲೂ ಕಾಣೆಯಾಗುತ್ತಾನೆ ಎಂದೇನೂ ಅಲ್ಲ. ಯಾರು ಕಾಣಿಸುತ್ತಾರೆ, ಯಾರು ಕಾಣಿಸುವುದಿಲ್ಲ ಎನ್ನುವುದೇ ಇಲ್ಲಿನ ಮುಖ್ಯ ವಿಷಯ. ಟಿಪ್ಪರ್, ಲಾರಿ, ಸಿಟಿ ಬಸ್ಸಾದರೆ ಚಾಲಕನ ಹೆಸರು, ವಯಸ್ಸು, ಊರು ಮಾರನೇ ದಿನವೇ ಬಂದಿರುತ್ತದೆ. ಬಸ್ಸಾದರೆ 'ಬಿಎಂಟಿಸಿಗೆ ಮತ್ತೊಂದು ಬಲಿ' ಎಂದು ಸಂಸ್ಥೆಯೇ ಕೊಲೆಗಾರನಾಗುತ್ತದೆ. ದುಬಾರಿ ಕಾರಾದರೆ ಮುಂದೆ ಬರುವುದು ಬ್ರ್ಯಾಂಡು. 1999ರ ಜನವರಿ 10ರ ಬೆಳಗಿನ ಜಾವ ದೆಹಲಿಯ ಲೋಧಿ ಕಾಲೊನಿಯಲ್ಲಿ ಮೂವರು ಪೊಲೀಸರು ಸೇರಿ ಆರು ಜನ ಸತ್ತರು. ಆ ಪ್ರಕರಣಕ್ಕೆ ಇವತ್ತಿಗೂ ಹೆಸರು 'ಬಿಎಂಡಬ್ಲ್ಯು ಕೇಸ್'. ಸುಪ್ರೀಂ ಕೋರ್ಟಿನಲ್ಲಿ ಅದು ಮುಗಿದದ್ದು 2012ರಲ್ಲಿ. ಹದಿಮೂರು ವರ್ಷ ಆ ಆರು ಜನ ಒಂದು ಕಾರಿನ ಹೆಸರಿನ ಅಡಿಯಲ್ಲಿ ಬದುಕಿದರು, ಹಾಗೆ ಹೇಳಬಹುದಾದರೆ.

2024ರ ಮೇ 19ರ ಪುಣೆಯ ಕಲ್ಯಾಣಿ ನಗರದ ಘಟನೆ ಇನ್ನೂ ನೆನಪಿನಲ್ಲಿದೆ. ಹದಿನೇಳು ವರ್ಷದ ಹುಡುಗ, ನೋಂದಣಿಯಾಗದ ಪೋರ್ಶೆ, ಬೈಕಿನಲ್ಲಿದ್ದ ಇಬ್ಬರು ಯುವ ಎಂಜಿನಿಯರುಗಳ ಸಾವು. ಬಾಲನ್ಯಾಯ ಮಂಡಳಿ ಕೆಲವೇ ಗಂಟೆಗಳಲ್ಲಿ ಜಾಮೀನು ಕೊಟ್ಟಿತು, ಅದರ ಷರತ್ತುಗಳಲ್ಲೊಂದು ರಸ್ತೆ ಅಪಘಾತಗಳ ಬಗ್ಗೆ 300 ಪದಗಳ ಪ್ರಬಂಧ. ದೇಶವೆಲ್ಲ ಸಿಟ್ಟಿಗೆದ್ದಿತು. ಸಾಹಿತ್ಯದ ವಿದ್ಯಾರ್ಥಿಗಳು ಓದುವ ಜಾಗದಲ್ಲಿ ಇದನ್ನು ಬರೆಯುತ್ತಿರುವುದರಿಂದ ಕೇಳುತ್ತೇನೆ: ಆ ಪ್ರಬಂಧ ಹೇಗಿರಬಹುದು? ನನಗೆ ಆ ಬರಹ ನೋಡಲು ಸಿಕ್ಕಿಲ್ಲ. ಆದರೆ 'ರಸ್ತೆ ಅಪಘಾತಗಳು: ಕಾರಣ ಮತ್ತು ಪರಿಹಾರ' ಎಂಬ ಪ್ರಬಂಧವನ್ನು ನಾವೆಲ್ಲ ಶಾಲೆಯಲ್ಲಿ ಬರೆದವರೇ. 'ಇಂದಿನ ಆಧುನಿಕ ಯುಗದಲ್ಲಿ ವಾಹನಗಳ ಸಂಖ್ಯೆ ಹೆಚ್ಚುತ್ತಿದೆ' ಎಂದು ಅದು ಶುರುವಾಗುತ್ತದೆ. ಅದರಲ್ಲಿ 'ನಾನು' ಎಂಬ ಪದಕ್ಕೆ ಜಾಗವಿರುವುದಿಲ್ಲ. ಯಾರ ಕೈಯಲ್ಲಿ ಸ್ಟಿಯರಿಂಗ್ ಇತ್ತೋ ಅವನಿಗೇ 'ಅಪಘಾತಗಳು ಸಂಭವಿಸುತ್ತವೆ' ಎಂಬ ಗದ್ಯವನ್ನು ಅಭ್ಯಾಸ ಮಾಡಲು ಹೇಳಿದಂತಾಯಿತು. ಷರತ್ತು ಹಗುರವಾಗಿತ್ತು ಎಂದು ಎಲ್ಲರೂ ಬೈದರು. ನನಗೆ ಅದಕ್ಕಿಂತ ಹೆಚ್ಚು ಕಾಡಿದ್ದು ವಿಷಯದ ಆಯ್ಕೆ. 'ಆ ರಾತ್ರಿ ನೀನು ಏನು ಮಾಡಿದೆ, ಬರಿ' ಎಂದು ಕೇಳಲಿಲ್ಲ. ಕೇಳುವಂತೆಯೂ ಇರಲಿಲ್ಲ ಅನ್ನಿ, ಆರೋಪಿಯಿಂದ ಅವನ ವಿರುದ್ಧವೇ ಸಾಕ್ಷಿ ಬರೆಸಿಕೊಳ್ಳಲು ಕಾನೂನು ಬಿಡುವುದಿಲ್ಲ.

ಕಾನೂನಿನ ಮಾತು ಬಂತು. ಅಪಘಾತದ ಸುದ್ದಿಗಳ ಮೂಲ ಲೇಖಕ ವರದಿಗಾರನಲ್ಲ, ಠಾಣೆಯ ರೈಟರ್. ಒಂದು ಎಫ್ಐಆರ್ ತೆಗೆದು ನೋಡಿದರೆ ಅಲ್ಲಿ ಚಾಲಕ ರಾಜಾರೋಷವಾಗಿ ಕರ್ತೃಪದದಲ್ಲಿ ಕೂತಿರುತ್ತಾನೆ: ಸದರಿ ವಾಹನದ ಚಾಲಕನು ತನ್ನ ವಾಹನವನ್ನು ಅತಿವೇಗ ಮತ್ತು ಅಜಾಗರೂಕತೆಯಿಂದ, ಮಾನವ ಜೀವಕ್ಕೆ ಅಪಾಯವಾಗುವ ರೀತಿಯಲ್ಲಿ ಚಲಾಯಿಸಿಕೊಂಡು ಬಂದು... ಹಾಗಾದರೆ ಪೊಲೀಸರು ಹೊಣೆಗಾರನನ್ನು ಹೇಳುತ್ತಿದ್ದಾರೆ, ಪತ್ರಿಕೆ ಮುಚ್ಚಿಡುತ್ತಿದೆ ಎಂದು ತೀರ್ಮಾನಿಸಬಹುದೇ? ಅವಸರ ಬೇಡ. ಇನ್ನೊಂದು ಎಫ್ಐಆರ್ ತೆಗೆಯಿರಿ, ಮತ್ತೊಂದು ತೆಗೆಯಿರಿ. ಹಗಲಾಗಲಿ ರಾತ್ರಿಯಾಗಲಿ, ಲಾರಿಯಾಗಲಿ ಸ್ಕೂಟರಾಗಲಿ, ಬಹುತೇಕ ಅದೇ ವಾಕ್ಯ. ಯಾಕೆಂದರೆ ಅದು ನೋಡಿದ್ದನ್ನು ಹೇಳುವ ವಾಕ್ಯವಲ್ಲ, ಕಲಮಿನ ಅನುವಾದ. ಹಳೆಯ ಭಾರತೀಯ ದಂಡ ಸಂಹಿತೆಯ 279 ಮತ್ತು 304ಎ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 106(1). ಆ ಕಲಮುಗಳು ಏನನ್ನು ಕೇಳುತ್ತವೋ ಆ ಪದಗಳನ್ನು ರೈಟರ್ ಇಡುತ್ತಾನೆ. ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿಯಲ್ಲಿ ಶೇ 72ರಷ್ಟು ಅಪಘಾತಗಳಿಗೆ ಅತಿವೇಗವೇ ಕಾರಣ ಎಂದಿರುವುದನ್ನು ನಾನು ಈ ವಾಕ್ಯವನ್ನು ನೆನಪಿನಲ್ಲಿಟ್ಟುಕೊಂಡೇ ಓದುತ್ತೇನೆ. ಅತಿವೇಗ ಕೊಲ್ಲುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಎಲ್ಲ ಕಡತದಲ್ಲೂ ಒಂದೇ ವಾಕ್ಯವಿದ್ದರೆ ಎಣಿಸಿದಾಗ ಸಿಗುವುದು ವೇಗದ ಲೆಕ್ಕವೇ, ವಾಕ್ಯದ ಲೆಕ್ಕವೇ?

ಆ ವಾಕ್ಯಕ್ಕೆ ಇನ್ನೊಂದು ಉಪಯೋಗವೂ ಇದೆ, ಅದು ತಿಳಿದ ಮೇಲೆ ನಾನು ಅದನ್ನು ಗೇಲಿ ಮಾಡುವುದನ್ನು ನಿಲ್ಲಿಸಿದೆ. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನ ಅಡಿ ಪರಿಹಾರ ಕೇಳುವ ಕುಟುಂಬ, ಚಾಲಕನ ನಿರ್ಲಕ್ಷ್ಯವನ್ನು ನ್ಯಾಯಮಂಡಳಿಗೆ ತೋರಿಸಬೇಕು. ಅದಕ್ಕೆ ಮೊದಲ ಆಧಾರ ಎಫ್ಐಆರ್ ಮತ್ತು ದೋಷಾರೋಪ ಪಟ್ಟಿ. ಅಂದರೆ ಗಂಡ ಸತ್ತ ಹೆಂಗಸಿನ ಮುಂದಿನ ಇಪ್ಪತ್ತು ವರ್ಷ ಆ ಸವಕಲು ವಾಕ್ಯದ ಮೇಲೆ ನಿಂತಿರುತ್ತದೆ. ಸಾವಿಗೆ ಅಲ್ಲೊಂದು ಗಣಿತವಿದೆ: ಸರಳಾ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ನಿಗದಿ ಮಾಡಿದಂತೆ 21ರಿಂದ 25 ವರ್ಷದವರಾದರೆ ವಾರ್ಷಿಕ ಆದಾಯವನ್ನು 18ರಿಂದ ಗುಣಿಸುವುದು, ಮದುವೆಯಾಗದವರಾದರೆ ಸಾಮಾನ್ಯವಾಗಿ ಅರ್ಧ ಕಳೆಯುವುದು. ವಿಮಾ ಕಂಪನಿಯ ವಕೀಲರು ಇನ್ನೊಂದಿಷ್ಟು ಕಳೆಯಲು ಕಾಯುತ್ತಿರುತ್ತಾರೆ. ಮೃತನೂ ಸ್ವಲ್ಪ ನಿರ್ಲಕ್ಷ್ಯ ತೋರಿದ್ದ, ಮೂವರು ಕೂತಿದ್ದರು, ಹೆಲ್ಮೆಟ್ ಇರಲಿಲ್ಲ.

ಈಗ ಮತ್ತೆ ಪತ್ರಿಕೆಗೆ ಬನ್ನಿ. 'ಸವಾರ ಹೆಲ್ಮೆಟ್ ಧರಿಸಿರಲಿಲ್ಲ ಎನ್ನಲಾಗಿದೆ.' ಇಂಥ ಸುದ್ದಿಗಳ ಕೊನೆಯಲ್ಲಿ ಬಂದು ಕೂರುವ ಈ ಸಾಲಿಗೆ ಯಾರ ಧ್ವನಿ ಇದೆ? 'ಎನ್ನಲಾಗಿದೆ' ಎಂದರೆ ಯಾರು ಎಂದರು? ಹೆಲ್ಮೆಟ್ ಜೀವ ಉಳಿಸುತ್ತದೆ, ಅದನ್ನು ಬರೆಯಲೇಬೇಕು. ಆದರೆ ಹಿಂದಿನಿಂದ ಟಿಪ್ಪರ್ ಹರಿದು ಸತ್ತವನ ಸುದ್ದಿಯಲ್ಲಿ ಟಿಪ್ಪರಿನ ವೇಗದ ಬಗ್ಗೆ ಒಂದಕ್ಷರವಿಲ್ಲದೆ ಹೆಲ್ಮೆಟ್ಟಿನ ಬಗ್ಗೆ ಒಂದು ಸಾಲಿದ್ದರೆ, ಸತ್ತವನೊಬ್ಬನೇ ಏನೋ ಮಾಡದೆ ಬಿಟ್ಟವನಾಗಿ ಉಳಿಯುತ್ತಾನೆ. ಪಾದಚಾರಿಯಾದರೆ 'ರಸ್ತೆ ದಾಟುತ್ತಿದ್ದ ವೇಳೆ'. ಎಲ್ಲಿ ದಾಟಬೇಕಿತ್ತು, ದಾಟಲು ಅಲ್ಲಿ ಏನಿತ್ತು ಎನ್ನುವುದು ಬರುವುದಿಲ್ಲ. 2022ರಲ್ಲಿ ನಮ್ಮ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಅಮೆರಿಕದ ಸಂಶೋಧಕರು 2019ರಲ್ಲಿ ಒಂದು ಪ್ರಯೋಗ ಮಾಡಿದ್ದರು. ಒಂದೇ ಘಟನೆಯ ವರದಿಯನ್ನು ಬೇರೆ ಬೇರೆ ರೀತಿ ಬರೆದು ಜನರಿಗೆ ಓದಲು ಕೊಟ್ಟರು. ಒಂದರಲ್ಲಿ ವಾಕ್ಯಗಳು ಪಾದಚಾರಿಯ ಸುತ್ತ, ಇನ್ನೊಂದರಲ್ಲಿ ಚಾಲಕನ ಸುತ್ತ, ಮತ್ತೊಂದರಲ್ಲಿ ಆ ರಸ್ತೆಯ ಹಿನ್ನೆಲೆಯೂ ಸೇರಿತ್ತು. ವಾಕ್ಯದ ಗಮನ ಬದಲಾದದ್ದಕ್ಕೇ ಓದಿದವರು ಹೊಣೆ ಹೊರಿಸುವ ದಿಕ್ಕು ಬದಲಾಯಿತು. ಹಿನ್ನೆಲೆ ಕೊಟ್ಟಲ್ಲಿ ರಸ್ತೆ ಸರಿಪಡಿಸಿ ಎನ್ನುವವರು ಹೆಚ್ಚಾದರು.

ಈ ಮೂರನೆಯ ಬಗೆ ನನಗೆ ಮುಖ್ಯವೆನ್ನಿಸುತ್ತದೆ. ಯಾಕೆಂದರೆ 'ಚಾಲಕನ ಹೆಸರು ಹಾಕಿ, ಎಲ್ಲ ಸರಿಹೋಗುತ್ತದೆ' ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಐಐಟಿ ದೆಹಲಿಯ ದಿನೇಶ್ ಮೋಹನ್ 2021ರಲ್ಲಿ ತೀರಿಕೊಳ್ಳುವವರೆಗೂ ಹೇಳುತ್ತ ಬಂದದ್ದು ಇದನ್ನೇ. ಮನುಷ್ಯ ಎಡವುತ್ತಾನೆ, ಎಡವಿದರೂ ಸಾಯದಂತೆ ರಸ್ತೆ ಕಟ್ಟಬೇಕು, ಎಲ್ಲವನ್ನೂ ಚಾಲಕನ ತಲೆಗೆ ಕಟ್ಟಿದರೆ ರಸ್ತೆ ಕಟ್ಟಿದವರು ಪಾರಾಗುತ್ತಾರೆ. ಬೆಂಗಳೂರು–ಮೈಸೂರು ಹೆದ್ದಾರಿಯನ್ನು ನೋಡಿ. 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು, ಕೆಲವೇ ತಿಂಗಳಲ್ಲಿ ಅದಕ್ಕೆ 'ಸಾವಿನ ಹೆದ್ದಾರಿ' ಎಂಬ ಬಿರುದು ಬಂತು. ರಸ್ತೆಯೇ ಬಲಿ ಕೇಳುವ ಮಾರಿಯಾಯಿತು. ಆದರೆ ಮಾರಿಗೆ ಕಾರಣ ಕೇಳುವಂತಿಲ್ಲವಲ್ಲ. ಆಮೇಲೆ ನಡೆದದ್ದು ಬಹಳ ಸಪ್ಪೆ ಸಂಗತಿಗಳು: ಗಂಟೆಗೆ 100 ಕಿ.ಮೀ. ಮಿತಿಯನ್ನು ಕಟ್ಟುನಿಟ್ಟು ಮಾಡಿದರು, ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ಹೊರಗಿಟ್ಟರು, ಕ್ಯಾಮೆರಾ ಹಾಕಿದರು. ಸಾವು ಇಳಿಯಿತು. ಬೈಕಿನವರನ್ನು ಹೊರಗಿಟ್ಟದ್ದು ನ್ಯಾಯವೇ ಎನ್ನುವುದು ಬೇರೆ ಜಗಳ. ಆದರೆ ಮಾರಿ ಎಂದು ಬರೆದಷ್ಟು ದೊಡ್ಡ ಅಕ್ಷರದಲ್ಲಿ ಕ್ಯಾಮೆರಾ ಎಂದು ಯಾರೂ ಬರೆಯಲಿಲ್ಲ.

2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ಕಂಟೇನರ್ ಲಾರಿಯೊಂದು ಕಾರಿನ ಮೇಲೆ ಮಗುಚಿ ಒಂದೇ ಕುಟುಂಬದ ಆರು ಜನ ತೀರಿಕೊಂಡರು. ಕಾರು ವೋಲ್ವೊ. ಎರಡು ದಿನ ಚರ್ಚೆ ನಡೆದದ್ದು ಅಷ್ಟು ಸುರಕ್ಷಿತ ಎನ್ನುವ ಕಾರಿನಲ್ಲಿ ಹೀಗಾಯಿತಲ್ಲ ಎಂದು. ಹತ್ತಾರು ಟನ್ ತೂಕದ ಲಾರಿ ಮೇಲೆ ಬಿದ್ದರೆ ಯಾವ ಕಾರೂ ಉಳಿಯದು. ಕೇಳಬೇಕಿದ್ದ ಪ್ರಶ್ನೆ ಲಾರಿ ಯಾಕೆ ವಿಭಜಕ ದಾಟಿ ಮಗುಚಿತು ಎನ್ನುವುದು. ಬ್ರ್ಯಾಂಡಿನ ಹೆಸರು ಒಮ್ಮೆ ಶೀರ್ಷಿಕೆಗೆ ಬಂದರೆ ಸುದ್ದಿ ಅದರ ಹಿಂದೆಯೇ ಹೋಗುತ್ತದೆ.

ಇನ್ನು ಎರಡು ಪದ ಉಳಿದಿವೆ: 'ಚಾಲಕ ಪರಾರಿ'. ಕಡೆಯ ಸಾಲಿನಲ್ಲಿ ಬರುವ ಈ ಎರಡು ಪದಗಳು ಇಡೀ ವರದಿಯಲ್ಲಿ ಚಾಲಕ ಕರ್ತೃವಾಗಿ ಮಾಡುವ ಏಕೈಕ ಕ್ರಿಯೆಯನ್ನು ಹೇಳುತ್ತವೆ. ಓಡಿಹೋದ. ಯಾಕೆ ಓಡಿದ? ಹೇಡಿತನ ಇರಬಹುದು, ಕುಡಿದಿರಬಹುದು, ಗುಂಪು ಸೇರಿ ಬಡಿದು ಕೊಂದಾರು ಎಂಬ ಭಯವೂ ಇರಬಹುದು. ಹೊಸ ಸಂಹಿತೆಯ 106(2) ತಿಳಿಸದೆ ಓಡಿದವರಿಗೆ ಹತ್ತು ವರ್ಷದವರೆಗೆ ಶಿಕ್ಷೆ ಎಂದಾಗ 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದ್ದು, 'ನಿಂತರೆ ನಮ್ಮನ್ನು ಉಳಿಸುವವರು ಯಾರು' ಎಂದು ಕೇಳಿದ್ದು ಇದಕ್ಕೇ. ಉಳಿದೆಲ್ಲ ಕಲಮುಗಳು ಜಾರಿಗೆ ಬಂದಾಗ ಆ ಉಪಕಲಮನ್ನು ಸರ್ಕಾರ ತಡೆದಿಟ್ಟಿತು. ವಾಹನವೇ ಸಿಗದಿದ್ದರೆ ಸುದ್ದಿಯಲ್ಲಿ ಅದು 'ಅಪರಿಚಿತ ವಾಹನ'. ಈ ವಿಶೇಷಣಕ್ಕೆ ಬೆಲೆಯೂ ಇದೆ: 2022ರ ಯೋಜನೆಯ ಪ್ರಕಾರ ಅಂಥ ಸಾವಿಗೆ ಪರಿಹಾರ 2 ಲಕ್ಷ ರೂಪಾಯಿ. ಅದಕ್ಕೂ ಮುಂಚೆ 25 ಸಾವಿರ. ಅಪರಿಚಿತ ಪರಿಚಿತವಾದರೆ ಲೆಕ್ಕ 18ರ ಗುಣಕಕ್ಕೆ ಹೋಗುತ್ತದೆ. ಹಾಗಾಗಿ ವಾಹನದ ಬಣ್ಣ, ಹೋದ ದಿಕ್ಕು, ಹತ್ತಿರದ ಪೆಟ್ರೋಲ್ ಬಂಕಿನ ಕ್ಯಾಮೆರಾ, ಇವನ್ನು ಒಂದು ಸಾಲಿನಲ್ಲಿ ಬರೆಯುವ ವರದಿಗಾರ ಆ ಮನೆಗೆ ಯಾವ ಜವರಾಯನ ರೂಪಕಕ್ಕಿಂತಲೂ ಹೆಚ್ಚು ಮಾಡಿದಂತೆ.

ರಾತ್ರಿ ಹತ್ತಕ್ಕೆ ಪುಟ ಮುಗಿಸಬೇಕಾದ ಡೆಸ್ಕಿನ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ಠಾಣೆಯಿಂದ ವಾಟ್ಸ್ಆ್ಯಪಿನಲ್ಲಿ ಬಂದ ಮೂರು ಸಾಲು, ಫೋನ್ ಎತ್ತದ ಇನ್‌ಸ್ಪೆಕ್ಟರ್. ಆ ಹೊತ್ತಿಗೆ ಹೊಣೆ ಯಾರದೆಂದು ಹೇಳಲು ಯಾರಿಗೂ ಸಾಧ್ಯವಿಲ್ಲ, ಹೇಳಲೂಬಾರದು. 'ಕಾರು ಚಲಾಯಿಸುತ್ತಿದ್ದ ವ್ಯಕ್ತಿ ಯಾರೆಂದು ಪೊಲೀಸರು ತಿಳಿಸಿಲ್ಲ' ಎಂದು ಬರೆಯಬಹುದು. 'ಕಳೆದ ವರ್ಷ ಇದೇ ತಿರುವಿನಲ್ಲಿ ಇಷ್ಟು ಜನ ಸತ್ತಿದ್ದರು' ಎಂದು ಹಳೆಯ ಸಂಚಿಕೆ ತಿರುವಿ ಸೇರಿಸಬಹುದು. ಉಳಿದದ್ದಕ್ಕೆ ಕಾಯಬೇಕು. ಕಾಯುವ ಜಾಗ ಯಾವುದೆಂದರೆ ತಾಲ್ಲೂಕು, ಜಿಲ್ಲಾ ಕೇಂದ್ರಗಳಲ್ಲಿರುವ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಅಲ್ಲಿಯ ತೀರ್ಪುಗಳನ್ನು ಇ-ಕೋರ್ಟ್ಸ್ ತಾಣದಲ್ಲಿ ಯಾರು ಬೇಕಾದರೂ ಓದಬಹುದು. ಭಾಷೆ ಒಣಕಲು, ಆದರೆ ಸುದ್ದಿಯಲ್ಲಿ ಇಲ್ಲದ್ದೆಲ್ಲ ಅಲ್ಲಿರುತ್ತದೆ: ಸ್ಥಳ ಮಹಜರು, ರಸ್ತೆ ಎಷ್ಟು ಅಡಿ ಅಗಲ, ಯಾವ ವಾಹನ ಯಾವ ಬದಿಯಲ್ಲಿ ನಿಂತಿತ್ತು ಎಂಬ ಕೈನಕ್ಷೆ. ಜೊತೆಗೆ ಮೋಟಾರು ವಾಹನ ನಿರೀಕ್ಷಕರ ವರದಿ. ಬ್ರೇಕ್ ಪರೀಕ್ಷಿಸಿ, ಅಪಘಾತಕ್ಕೆ ಯಾಂತ್ರಿಕ ದೋಷ ಕಾರಣವೋ ಅಲ್ಲವೋ ಎಂದು ಅವರು ಬರೆದುಕೊಟ್ಟಿರುತ್ತಾರೆ. 'ಬ್ರೇಕ್ ಫೇಲ್ ಆಗಿ ನುಗ್ಗಿದ ಬಸ್' ಎಂದು ಓದಿದ ನಮಗೆ, ಬ್ರೇಕ್ ಸರಿಯಾಗಿತ್ತೋ ಇಲ್ಲವೋ ಎನ್ನುವ ಆ ಒಂದು ಸಾಲು ಎರಡು ಮೂರು ವರ್ಷ ಕಳೆದ ಮೇಲೆ ಅಲ್ಲಿ ಸಿಗುತ್ತದೆ. ಅದು ಪ್ರಕಟವಾಗುವ ದಿನ ಕೋರ್ಟ್ ಹಾಲಿನಲ್ಲಿ ಇಬ್ಬರು ವಕೀಲರು, ಒಬ್ಬ ಗುಮಾಸ್ತ ಇರುತ್ತಾರೆ.